ನರ್ಸಬಾಯಿ ಕಾಶೆವ್ವನ ಬುಧವಾರದ ಪಾಠ

ಹಣಮವ್ವ ಒಂದು ಉತ್ತರವನ್ನೂ ಮರೆತಿರಲಿಲ್ಲ. ಮೂವತ್ತಾರು ಪ್ರಶ್ನೆಗಳ ಪುಸ್ತಿಕೆಯನ್ನು ಮೊಮ್ಮಗಳಿಂದ ಓದಿಸಿಕೊಂಡು, ಅರಿಷಿಣದ ಹೊಲದಲ್ಲಿ ಕಳೆ ಕೀಳುತ್ತಲೇ ಎರಡು ತಿಂಗಳು ಬಾಯಿಪಾಠ ಮಾಡಿದ್ದಳು. ಓದು ಬಾರದ ಐವತ್ತೈದರ ಹೆಂಗಸು ಅಷ್ಟನ್ನು ತಲೆಯಲ್ಲಿ ಇಟ್ಟುಕೊಂಡದ್ದೇ ದೊಡ್ಡದು. ಆ ಬುಧವಾರ ಮಧ್ಯಾಹ್ನ ಕಲ್ಲೋಳಿಯ ಚರ್ಚಿನಲ್ಲಿ ಸಭಾಪಾಲಕ ಶುಭಮ್ ಪ್ರಶ್ನೆ ಕೇಳುತ್ತಾ ಹೋದ. ಅವಳು ತಡವರಿಸದೆ ಹೇಳುತ್ತಾ ಹೋದಳು. ಹನ್ನೊಂದನೆಯ ಪ್ರಶ್ನೆಗೆ ಉತ್ತರ ಬಂದಾಗ ಹೊರಗೆ ಟ್ರ್ಯಾಕ್ಟರೊಂದು ಹಾದುಹೋಯಿತು. ಎಲ್ಲರಿಗೂ ಕೇಳಿಸಲಿಕ್ಕಿಲ್ಲವೆಂದು ಶುಭಮ್ ಅದನ್ನೇ ಮತ್ತೊಮ್ಮೆ ಕೇಳಿದ.

"ಪಾಪವೆಂದರೇನು?"

ಹಣಮವ್ವನ ಬಾಯಲ್ಲಿ ಆಗಲೇ ಹನ್ನೆರಡನೆಯ ಉತ್ತರ, ಕೃಪೆಯದು, ತಯಾರಾಗಿತ್ತು. "ಅದು ದೇವರು ತನ್ನ ಮಕ್ಕಳಿಗೆ ಉಚಿತವಾಗಿ ಅನುಗ್ರಹಿಸಿದ ಮಹಾ ವರದಾನವಾಗಿದೆ" ಎಂದಳು, ಒಂದೇ ಉಸಿರಿನಲ್ಲಿ.

ಯಾರೂ ನಗಲಿಲ್ಲ. ನಗಲು ಪಾಠಕ್ಕೆ ಕೂತಿದ್ದ ಏಳು ಜನರಲ್ಲಿ ಯಾರಿಗೂ ತಪ್ಪು ಗೊತ್ತಾಗಿರಲಿಲ್ಲ. ಗೊತ್ತಾದದ್ದು ಇಬ್ಬರಿಗೆ. ಒಬ್ಬ ಶುಭಮ್. ಇನ್ನೊಬ್ಬಳು, ಕಿಟಕಿಯ ಪಕ್ಕ ಹೂದಾನಿಯ ನೀರು ಬದಲಿಸುತ್ತಿದ್ದ ಕಾಶೆವ್ವ.

ಕಾಶೆವ್ವನಿಗೆ ಆಗ ಅರವತ್ತೊಂದು. ಮೂವತ್ತಮೂರು ವರ್ಷ ಸರ್ಕಾರಿ ನರ್ಸಾಗಿ ಅಂಕಲಗಿ, ದಡ್ಡಿ, ಕೊನೆಗೆ ಕಲ್ಲೋಳಿ ಅಂತ ತಿರುಗಿ ಹಿಂದಿನ ವರ್ಷ ನಿವೃತ್ತಳಾಗಿದ್ದಳು. ಹೆಸರು ಅವಳ ಮುತ್ತಜ್ಜಿಯದು. ಮುತ್ತಜ್ಜಿ ಕ್ರೈಸ್ತಳಾದ ಮೇಲೂ ಬದಲಿಸಿಕೊಳ್ಳದ ಹೆಸರು ಮನೆತನದಲ್ಲಿ ಹಾಗೆಯೇ ಇಳಿದು ಬಂದಿತ್ತು. ಊರಿನವರಿಗೆ ಮಾತ್ರ ಅವಳು ನರ್ಸಬಾಯಿ. ಗಂಡ ದುಂಡೇಶ ಬಸ್ ನಿಲ್ದಾಣದ ಹತ್ತಿರ ದ್ವಿಚಕ್ರ ವಾಹನ ರಿಪೇರಿ ಮಾಡುತ್ತಿದ್ದ. ಮಾತು ಕಡಿಮೆ, ಕೈಯೆಲ್ಲ ಆಯಿಲು.

ಪಾಠ ಮುಗಿದು ಎಲ್ಲರೂ ಹೋದ ಮೇಲೆ ಕಾಶೆವ್ವ ಶುಭಮ್‌ನ ಎದುರು ಬಂದು ನಿಂತಳು.

"ಪಾಸ್ಟರ್, ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಇವ್ರ್ಯಾರಿಗೂ ಒಂದಕ್ಷರ ತಿಳದಿಲ್ಲ."

ಶುಭಮ್ ಇಪ್ಪತ್ತೆಂಟರ ಹುಡುಗ. ಪಾದ್ರಿಯ ಓದು ಮುಗಿಸಿ ಬಂದು ಎರಡು ವರ್ಷ ಆಗಿತ್ತಷ್ಟೇ. ಓದಿದ ಭಾಷೆಯಲ್ಲೇ ಮಾತಾಡುತ್ತಿದ್ದ. "ಬಾಯಿಪಾಠವಂತೂ ಬಂದಿದೆಯಲ್ಲ ಕಾಶೆವ್ವಾರೆ? ದೃಢೀಕರಣದ ಪರೀಕ್ಷೆಯಲ್ಲಿ ಕೇಳುವುದೂ ಅದನ್ನೇ."

"ಗುಳಿಗಿ ಹೆಸರ ಬಾಯಿಪಾಠ ಮಾಡಿದ್ರ ಜ್ವರ ಇಳೀತೈತೇನ್ರಿ? ಗುಳಿಗಿ ಹೊಟ್ಟ್ಯಾಗ ಹೋಗಬೇಕ."

ಶುಭಮ್ ಪುಸ್ತಿಕೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. ಅದು ಅವನಿಗೂ ಗೊತ್ತಿದ್ದ ವಿಷಯ; ಏನು ಮಾಡಬೇಕೆಂದು ಗೊತ್ತಿರಲಿಲ್ಲ. "ಹಾಗಾದರೆ ಮುಂದಿನ ಬುಧವಾರದಿಂದ ನೀವೇ ಕಲಿಸುತ್ತೀರಾ?" ಎಂದ. ಅವಳು ಹಿಂಜರಿಯಬಹುದೆಂದು ಅವನು ಅಂದುಕೊಂಡಿದ್ದ.

"ಕಲಸ್ತೇನಿ" ಎಂದಳು ಕಾಶೆವ್ವ. "ಮೂವತ್ತಮೂರ ವರ್ಷ ಮತ್ತೇನ ಮಾಡೇನಿ?"

ಆ ಮಾತಿನಲ್ಲಿ ಜಂಬ ಇರಲಿಲ್ಲ. ಓದು ಬಾರದ ತಾಯಂದಿರಿಗೆ ಔಷಧ ಹೇಗೆ ಕೊಡಬೇಕೆಂದು ತಿಳಿಸುವುದೇ ಅವಳ ನಿಜವಾದ ಕೆಲಸವಾಗಿತ್ತು. ಅದನ್ನು ಅವಳು ಕಲಿತದ್ದು ಒಂದು ತಪ್ಪಿನಿಂದ. ಅಂಕಲಗಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಒಬ್ಬ ತಾಯಿಗೆ "ಒಂದು ಮುಚ್ಚಳ ಕುಡಿಸವ್ವ" ಎಂದಿದ್ದಳು. ಸರಳವಾಗಿ ಹೇಳಿದೆನೆಂಬ ಸಮಾಧಾನವೂ ಆಗಿತ್ತು. ಬಾಟಲಿಯ ಮುಚ್ಚಳ ಎಲ್ಲೋ ಕಳೆದುಹೋಗಿ, ತಾಯಿ ಎಣ್ಣೆ ಡಬ್ಬಿಯ ದೊಡ್ಡ ಮುಚ್ಚಳದಲ್ಲಿ ಅಳೆದು ಕುಡಿಸಿದಳು. ಕೂಸು ಒಂದು ಹಗಲು ಒಂದು ರಾತ್ರಿ ಕಣ್ಣು ಬಿಡಲಿಲ್ಲ. ಕಾಶೆವ್ವ ಅದರ ಪಕ್ಕದಿಂದ ಏಳಲಿಲ್ಲ. ಕೂಸು ಉಳಿಯಿತು. ಅಂದಿನಿಂದ ಅವಳು ಏನೇ ಹೇಳಿದರೂ, ಕೇಳಿದವರಿಂದ ತಿರುಗಿ ಹೇಳಿಸಿಕೊಳ್ಳದೆ ಕಳಿಸುತ್ತಿರಲಿಲ್ಲ. ತಾಯಂದಿರು ಒಬ್ಬರಿಗೊಬ್ಬರು ಹೇಳುವುದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಅಲ್ಲಿ ಸರಿಯಿದ್ದರೆ ಮಾತ್ರ ಸರಿ.

ಬುಧವಾರದ ಪಾಠವೂ ಅದೇ ದಾರಿ ಹಿಡಿಯಿತು. ವಾರಕ್ಕೆ ಒಂದೇ ಪ್ರಶ್ನೆ. ಪುಸ್ತಿಕೆ ಕಪಾಟಿನಲ್ಲಿ. ಕಾಶೆವ್ವ ಮೊದಲು ಒಂದು ಘಟನೆ ಹೇಳುತ್ತಿದ್ದಳು, ಸುವಾರ್ತೆಯಲ್ಲಿ ನಡೆದದ್ದನ್ನು ನಡೆದಂತೆಯೇ. ಆಮೇಲೆ ಕೇಳುತ್ತಿದ್ದಳು. ಮುಂದಿನ ಬುಧವಾರದೊಳಗೆ ಪ್ರತಿಯೊಬ್ಬರೂ ಅದನ್ನು ಒಬ್ಬರಿಗಾದರೂ ಹೇಳಿ ಬರಬೇಕು. ಮನೆಯವರಿಗೆ, ಬೇಡವಾದರೆ ತಮ್ಮತಮ್ಮಲ್ಲೇ.

ಕೃಪೆ ಎಂಬ ಪದ ಬಂದ ವಾರ ಅವಳು ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ್ದ ಕಳ್ಳನ ಸುದ್ದಿ ಹೇಳಿದಳು. ಅವನು ಮಾಡಿದ ಕೇಡು, ಕೊನೆಗಳಿಗೆಯಲ್ಲಿ ಪಕ್ಕಕ್ಕೆ ತಿರುಗಿ ನನ್ನನ್ನು ನೆನೆಸಿಕೊ ಎಂದು ಬೇಡಿದ್ದು, ಇವತ್ತೇ ನೀನು ನನ್ನ ಸಂಗಡ ಸ್ವರ್ಗದಲ್ಲಿ ಇರುತ್ತೀ ಎಂಬ ಯೇಸುವಿನ ಮಾತು ಸಿಕ್ಕಿದ್ದು.

ಟ್ರ್ಯಾಕ್ಟರ್ ಓಡಿಸುವ ಮಾಲಿಂಗ ಮುಂದಕ್ಕೆ ಬಾಗಿ ಕೇಳಿದ. "ಅಂದ್ರ ಅಂವ ಏನೂ ಒಳ್ಳೇದ ಮಾಡಲಿಲ್ಲೇನ್ರಿ? ಆಮ್ಯಾಲಾದ್ರೂ?"

"ಯಾವಾಗ ಮಾಡಾಂವ? ಕೈಗೂ ಮೊಳಿ, ಕಾಲಿಗೂ ಮೊಳಿ."

"ದೀಕ್ಷಾಸ್ನಾನಾನೂ ಇಲ್ಲ?"

"ಇಲ್ಲ."

"ಹಂಗಾದ್ರ ಪುಕ್ಕಟ ಸಿಕ್ತು."

"ಪುಕ್ಕಟ. ಅದಕ್ಕ ಕೃಪೆ ಅಂತಾರ."

ಮಾಲಿಂಗ ಹಿಂದಕ್ಕೆ ಒರಗಿದ. "ಇದು ಸರಿ ಅನಸವಲ್ದು ನೋಡ್ರಿ" ಎಂದ. ಕಾಶೆವ್ವನಿಗೆ ಬಹಳ ಸಂತೋಷವಾಯಿತು. ಕೃಪೆ ಸರಿಯೆನಿಸದವನಿಗೆ ಕೃಪೆಯ ಅರ್ಥ ತಲುಪಿದೆ ಎಂದೇ ಲೆಕ್ಕ.

ಆ ಏಳು ಜನರಲ್ಲಿ ಕೊನೆಯ ಬೆಂಚಿನ ಕೆಂಚಪ್ಪ ಮಾತ್ರ ಏನೂ ಕೇಳುತ್ತಿರಲಿಲ್ಲ. ಅರವತ್ತೇಳು ವರ್ಷ, ನಲವತ್ತು ಕುರಿ, ಒಂದೂವರೆ ಎಕರೆ ಗೋವಿನಜೋಳ. ತಾಯಿ ಅವನನ್ನು ಎಳೆಯ ಕೂಸಾಗಿದ್ದಾಗಲೇ ಚರ್ಚಿಗೆ ಎತ್ತಿಕೊಂಡು ಬಂದು ದೀಕ್ಷಾಸ್ನಾನ ಮಾಡಿಸಿದ್ದಳು. ಆದರೆ ದೊಡ್ಡವನಾದ ಮೇಲೆ ಸಭೆಯ ಮುಂದೆ ನಿಂತು ತನ್ನ ನಂಬಿಕೆಯನ್ನು ತಾನೇ ಹೇಳುವ ದೃಢೀಕರಣ ಆಗದಿದ್ದರೆ ಪ್ರಭು ಭೋಜನದ ರೊಟ್ಟಿ ತೆಗೆದುಕೊಳ್ಳುವಂತಿಲ್ಲ ಎಂಬುದು ಆ ಸಭೆಯ ಕ್ರಮ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೆಂಚಪ್ಪ ಪರೀಕ್ಷೆಗೆ ನಿಂತಿದ್ದ. ಎರಡನೆಯ ಪ್ರಶ್ನೆಗೇ ಬಾಯಿ ಕಟ್ಟಿತು. ಮುಂದಿನ ವರ್ಷ ಬಾ ಎಂದಿದ್ದರು. ಆ ಮುಂದಿನ ವರ್ಷ ಬಂದಿರಲಿಲ್ಲ. ನಲವತ್ತೆಂಟು ವರ್ಷ ಪ್ರತಿ ಭಾನುವಾರ ಬಂದು ಕೊನೆಯ ಬೆಂಚಿನಲ್ಲಿ ಕೂತು, ರೊಟ್ಟಿ ಮುರಿಯುವ ಹೊತ್ತಿಗೆ ಕುರಿ ನೋಡಬೇಕೆಂದು ಎದ್ದು ಹೋಗುತ್ತಿದ್ದ. ಬುಧವಾರದ ಪಾಠಕ್ಕೆ ಅವನನ್ನು ಕರೆತಂದದ್ದೂ ಕಾಶೆವ್ವನೇ. "ಬರೇ ಕೂಡು, ಮಾತಾಡಬ್ಯಾಡ" ಎಂದಿದ್ದಳು. ಅವನು ಅದನ್ನು ಅಕ್ಷರಶಃ ಪಾಲಿಸುತ್ತಿದ್ದ.

ಕಬ್ಬಿನ ಹಂಗಾಮು ಶುರುವಾದಾಗ ಮಾಲಿಂಗನಿಗೆ ಬುಧವಾರ ಬರಲಾಗಲಿಲ್ಲ. "ಬಾಯಾರ, ಫೋನಿನ್ಯಾಗ ಹೇಳಿ ಕಳಸ್ರಿ, ಲೋಡ್ ಹೊಡ್ಯಾಕತ್ತಾಗ ಕೇಳ್ತೇನಿ" ಎಂದ. ಕಾಶೆವ್ವ ವಾರವಾರವೂ ಎರಡು ನಿಮಿಷದ ಮಾತು ಧ್ವನಿಮುದ್ರಿಸಿ ಕಳಿಸತೊಡಗಿದಳು. ಮಾಲಿಂಗ ಅದನ್ನು ಕಾರ್ಖಾನೆಯ ಸಾಲಿನಲ್ಲಿ ನಿಂತಾಗ ಕೇಳಿದ, ಗೆಳೆಯರಿಗೆ ಕಳಿಸಿದ. ಹಣಮವ್ವ ಅಂಕಲಗಿಯ ತಂಗಿಗೆ ಕಳಿಸಿದಳು. ಅಂಕಲಗಿಯಿಂದ ದಡ್ಡಿಯ ಪ್ರಾರ್ಥನಾ ಕೂಟಕ್ಕೆ ಹೋಯಿತು. ಎರಡು ತಿಂಗಳಲ್ಲಿ ಕಾಶೆವ್ವ ಕಂಡರಿಯದ ಜನ ಅವಳಿಗೆ ಫೋನು ಮಾಡಿ "ಈ ವಾರದ್ದು ಇನ್ನಾ ಬಂದಿಲ್ಲಲ್ರಿ?" ಎಂದು ಕೇಳುವಂತಾಯಿತು.

ಜನವರಿಯಲ್ಲಿ ಅತಿ ಕಠಿಣವಾದ ಪ್ರಶ್ನೆ ಬಂತು. ತಂದೆ, ಮಗ, ಪವಿತ್ರಾತ್ಮ ಮೂವರು. ದೇವರು ಮಾತ್ರ ಒಬ್ಬನೇ. ಅದು ಹೇಗೆ? ಪುಸ್ತಿಕೆಯ ಉತ್ತರ ಮುಕ್ಕಾಲು ಪುಟವಿತ್ತು. ಕಾಶೆವ್ವ ಅದನ್ನು ಓದಿ, ಮೂರು ದಿನ ಯೋಚಿಸಿ, ಒಂದು ಹೋಲಿಕೆ ಕಟ್ಟಿಕೊಂಡು ಬಂದಳು.

"ನನ್ನ ನೋಡ್ರಿ. ನಮ್ಮವ್ವಗ ನಾ ಮಗಳು. ದುಂಡೇಶಗ ಹೆಂಡ್ತಿ. ನಿಮಗ ನರ್ಸಬಾಯಿ. ಮೂರ ಹೆಸರು, ಆದ್ರ ಕಾಶೆವ್ವ ಒಬ್ಬಾಕಿ. ದೇವರೂ ಹಂಗ."

ಎಲ್ಲರ ಮುಖ ಅರಳಿತು. ಹಣಮವ್ವ ತಕ್ಷಣ ತಿರುಗಿ ಹೇಳಿದಳು, ತಪ್ಪಿಲ್ಲದೆ. ಇಷ್ಟು ದೊಡ್ಡದು ಇಷ್ಟು ಸುಲಭವೇ ಎಂದು ಒಬ್ಬರು ಉದ್ಗರಿಸಿದರು. ಆ ವಾರದ ಧ್ವನಿ ಹಿಂದಿನ ಎಲ್ಲಕ್ಕಿಂತ ವೇಗವಾಗಿ ಹರಡಿತು.

ಮುಂದಿನ ಬುಧವಾರ ಪಾಠ ಶುರುವಾಗುವ ಮೊದಲೇ ಕೊನೆಯ ಬೆಂಚಿನಿಂದ ಕೆಮ್ಮಿದ ಸದ್ದು ಬಂತು. ಕೆಂಚಪ್ಪ ಎದ್ದು ನಿಂತಿದ್ದ.

"ಬಾಯಾರ, ಒಂದ ಕೇಳ್ಲೇನ್ರಿ?"

"ಕೇಳ ಕೆಂಚಪ್ಪ."

"ಆರ ದಿವಸ ಆತು, ಕುರಿ ಹಿಂದ ಅಡ್ಡಾಡ್ಕೋತ ಇದನ್ನ ಇಚಾರ ಮಾಡಾಕತ್ತೇನಿ. ಯೇಸು ಸಾಯೂ ಮುಂದ ತ್ವಾಟದಾಗ ಮೊಣಕಾಲೂರಿ ಅಪ್ಪಾ ಅಪ್ಪಾ ಅಂತ ಬೇಡಕೊಂಡ ಅಂತ ನೀವ ಹೇಳಿದ್ರಿ. ಬೆವರ ರಕ್ತದಂಗ ಇಳೀತು ಅಂದ್ರಿ. ಅಂವ ಯಾರ ಹಂತ್ಯಾಕ ಬೇಡಿದಾ? ಮೂರೂ ಒಬ್ಬಾಂವನ ಹೆಸರ ಆದ್ರ, ತನಗ ತಾನ ಬೇಡಕೊಂಡನೇನು? ಅದೇನ ನಾಟಕೇನ್ರಿ?"

ಕಾಶೆವ್ವ ತನ್ನ ಹೋಲಿಕೆಯನ್ನು ಮತ್ತೆ ತಿರುಗಿಸಿ ನೋಡಿದಳು. ಅವಳು ಮಗಳಾಗಿ ನರ್ಸಬಾಯಿಯ ಜೊತೆ ಎಂದೂ ಮಾತಾಡಿರಲಿಲ್ಲ. ಹೆಂಡತಿಯಾಗಿ ತನ್ನೊಳಗಿನ ಮಗಳನ್ನು ಪ್ರೀತಿಸಿರಲಿಲ್ಲ. ಹೋಲಿಕೆ ಅಲ್ಲಿಯೇ ಒಡೆದು ಬಿತ್ತು.

"ನನಗ ಗೊತ್ತಾಗವಲ್ದು ಕೆಂಚಪ್ಪ. ತಿಳ್ಕೊಂಡ ಹೇಳ್ತೇನಿ" ಎಂದಳು. ಆ ದಿನ ಪಾಠ ಅಷ್ಟಕ್ಕೇ ನಿಂತಿತು.

ಶುಭಮ್ ಎಲ್ಲವನ್ನೂ ಕೇಳಿ, ಅವಳಿಗೆ ನೋವಾಗದಂತೆ ಹೇಳಲು ಮಾತು ಹುಡುಕಿದ. "ಕಾಶೆವ್ವಾರೆ, ಇದು ಹಳೆಯ ತಪ್ಪು. ಸಾವಿರದ ಎಂಟುನೂರು ವರ್ಷದ ಹಿಂದೆಯೂ ದೊಡ್ಡ ಪಂಡಿತರು ಹೀಗೆಯೇ ಹೇಳಿದ್ದರು. ಒಬ್ಬನೇ ದೇವರು ಮೂರು ವೇಷ ಹಾಕುತ್ತಾನೆ ಎಂದು. ಸಭೆ ಅದನ್ನು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಕೊಟ್ಟ ಕಾರಣಗಳಲ್ಲಿ ಕೆಂಚಪ್ಪ ಕೇಳಿದ ಪ್ರಶ್ನೆಯೂ ಒಂದು."

"ಪಂಡಿತರು ಮಾಡಿದ ತಪ್ಪ ನಾ ಮಾಡೇನಿ, ಅದನ್ನ ಕುರಿ ಕಾಯಾಂವ ಹಿಡದಾನ" ಎಂದಳು ಕಾಶೆವ್ವ. ನಾಚಿಕೆಯಾಗಿತ್ತು, ಜೊತೆಗೆ ಕೆಂಚಪ್ಪ ಬಾಯಿ ಬಿಟ್ಟನಲ್ಲಾ ಎಂಬ ಹಿಗ್ಗೂ ಇತ್ತು. ಆದರೆ ಎದೆಯ ಮೇಲೆ ಕೂತದ್ದು ಬೇರೆ. ತಪ್ಪು ಕಲ್ಲೋಳಿಯಲ್ಲಿ ಇರಲಿಲ್ಲ. ಅದು ಅಂಕಲಗಿಗೆ ಹೋಗಿತ್ತು, ದಡ್ಡಿಗೆ ಹೋಗಿತ್ತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಪಕ್ಕದ ಮನೆಯ ದ್ರಾಕ್ಷಾಯಿಣಿಯ ಮುಂದೆ ಇದನ್ನು ಹೇಳಿಕೊಂಡಳು. ದ್ರಾಕ್ಷಾಯಿಣಿ ಲಿಂಗಾಯತರವಳು, ಇಬ್ಬರಿಗೂ ಹತ್ತೊಂಬತ್ತು ವರ್ಷದ ನೆರೆ. ಒಬ್ಬರ ದೇವರ ವಿಷಯ ಇನ್ನೊಬ್ಬರು ಕೇಳುತ್ತಿದ್ದರು, ಚರ್ಚೆಗೆ ಎಳೆಯುತ್ತಿರಲಿಲ್ಲ.

"ತಪ್ಪಾತಂದ್ರ ಹೋಗಿ ತಪ್ಪಾತಂತ ಹೇಳ" ಎಂದಳು ದ್ರಾಕ್ಷಾಯಿಣಿ. "ನಮ್ಮ ಶರಣರೂ ದೊಡ್ಡದನ್ನ ಮಂದಿ ಮಾತಿನ್ಯಾಗ ಹೇಳ್ಯಾರ. ಹಗುರ ಮಾಡಿ ಹೇಳಿಲ್ಲ ಮತ್ತ."

"ಇನ್ನೊಂದ ವಾಯ್ಸ್ ಕಳಿಸಿದ್ರ ಆಗೂದಿಲ್ಲೇನ?"

"ನೀ ನರ್ಸ ಇದ್ದಾಗ ತಪ್ಪ ಔಷಧ ಹೋಗಿತ್ತಂದ್ರ ಫೋನ ಮಾಡಿ ಕುಂದರ್ತಿದ್ದೇನ?"

ಕಾಶೆವ್ವ ಮೆಣಸಿನಕಾಯಿಯ ಮೊರ ಪಕ್ಕಕ್ಕಿಟ್ಟು ಎದ್ದಳು. ಶನಿವಾರ ದುಂಡೇಶ ಅಂಗಡಿ ಮುಚ್ಚಿ ಗಾಡಿಗೆ ಪೆಟ್ರೋಲು ತುಂಬಿಸಿಕೊಂಡು ಬಂದ. ಅವಳು ಅಂಕಲಗಿಗೆ ಎಂದಾಗ ಏಕೆ ಎಂದು ಕೇಳಲಿಲ್ಲ. ಗೋಕಾಕ ದಾಟಿ ಅಂಕಲಗಿ ಮುಟ್ಟುವವರೆಗೆ ಅವನು ಆಡಿದ್ದು ಒಂದೇ ಮಾತು. "ಸೆರಗ ಸರಿ ಹಿಡಕೋ."

ಅಂಕಲಗಿಯಲ್ಲಿ ಹಣಮವ್ವನ ತಂಗಿಯ ಮನೆಯ ಪಡಸಾಲೆಯಲ್ಲಿ ಹನ್ನೆರಡು ಹೆಂಗಸರು ಕೂತಿದ್ದರು. ಅವರಲ್ಲಿ ನಾಲ್ವರ ಹೆರಿಗೆ ಮಾಡಿಸಿದವಳು ಕಾಶೆವ್ವನೇ. ಚಹಾ ಬರುವ ಮೊದಲೇ ಅವಳು ಶುರುಮಾಡಿದಳು. "ಹೋದ ವಾರ ನಾ ಕಳಿಸಿದ್ದು ತಪ್ಪ ಐತ್ರಿ. ನಾ ತಪ್ಪ ಕಲಿಸೇನಿ. ಅದನ್ನ ಅಳಸಾಕ ಬಂದೇನಿ." ಹೆಂಗಸರು ಮುಖಮುಖ ನೋಡಿಕೊಂಡರು. ದೇವರ ಮಾತು ಹೇಳಿಕೊಡುವವರು ತಾವು ತಪ್ಪಿದ್ದೇವೆಂದು ಹೇಳಿದ್ದನ್ನು ಅವರು ಈ ಮೊದಲು ಕೇಳಿರಲಿಲ್ಲ.

ಭಾನುವಾರ ಮಧ್ಯಾಹ್ನ ದಡ್ಡಿ. ಅಲ್ಲಿ ಲಗಮಣ್ಣ ಎಂಬ ಹಿರಿಯರು ಪ್ರಾರ್ಥನಾ ಕೂಟ ನಡೆಸುತ್ತಿದ್ದರು. ಅವರಿಗೆ ತಿದ್ದುಪಡಿ ಬೇಕಾಗಿರಲಿಲ್ಲ.

"ಬಾಯಾರ, ಮೊದಲ ಕಳಿಸಿದ್ದ ಛಲೋ ಇತ್ತಲ್ಲ. ನಮ್ಮ ಮಂದಿಗೆ ಮೊದಲ ಸಲ ತಿಳೀತು. ಅದನ್ನ ಯಾಕ ಕಸಗೋತೀರಿ?"

"ತಿಳೀತು ಖರೆ, ಅಣ್ಣಾರ. ಆದ್ರ ತಿಳದದ್ದು ಖರೆ ದೇವರಲ್ಲ."

"ಹಂಗಾದ್ರ ಖರೇದಕ್ಕ ಉದಾಹರಣಿ ಕೊಡ್ರಿ."

"ಇಲ್ಲ" ಎಂದಳು ಕಾಶೆವ್ವ. ಇದನ್ನು ಅವಳು ಗಾಡಿಯ ಹಿಂದೆ ಕೂತು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. "ದೇವರಂಥಾದ್ದು ಈ ಭೂಮಿ ಮ್ಯಾಲೆ ಎರಡನೇದ ಇಲ್ಲ, ಉದಾಹರಣಿ ಎಲ್ಲಿಂದ ತರಲಿ? ಅದಕ್ಕ ನಾ ಏನ ನಡೀತು ಅಷ್ಟ ಹೇಳ್ತೇನಿ. ಯೇಸು ಹೊಳ್ಯಾಗ ನಿಂತಾನ, ದೀಕ್ಷಾಸ್ನಾನ ಆಗೈತಿ. ಮ್ಯಾಲಿಂದ ಅಪ್ಪನ ಧ್ವನಿ ಬಂತು, ಇಂವ ನನ್ನ ಮಗ, ನನಗ ಬೇಕಾದಾಂವ ಅಂತ. ಪವಿತ್ರಾತ್ಮ ಪಾರಿವಾಳದಂಗ ಇಳೀತು. ನೀರಾಗ ಒಬ್ಬಾಂವ, ಮ್ಯಾಲೊಬ್ಬಾಂವ, ನಡಕೊಬ್ಬಾಂವ. ಒಂದ ಹೊತ್ತಿನ್ಯಾಗ ಮೂವರೂ ಅದಾರ. ಒಬ್ಬರನ್ನೊಬ್ಬರು ಪ್ರೀತಿ ಮಾಡ್ತಾರ. ಆದ್ರ ದೇವರು ಮೂರಲ್ಲ, ಒಬ್ಬ. ಇಷ್ಟ ದೇವರ ತಾನ ತೋರಿಸ್ಯಾನ. ಇದಕ್ಕಿಂತ ಹೆಚ್ಚ ಹೇಳಿದ್ರ ನಾ ಸುಳ್ಳ ಹೇಳ್ದಂಗ ಆಕ್ಕೈತಿ."

ಲಗಮಣ್ಣ ಎದುರಿಗೆ ಕಾಣುತ್ತಿದ್ದ ಘಟಪ್ರಭೆಯ ಕಡೆ ನೋಡಿದರು. ಕೂಟದ ಹೆಣ್ಣುಮಗಳೊಬ್ಬಳು ತನ್ನಷ್ಟಕ್ಕೆ ಬೆರಳು ಮಡಚಿ "ನೀರಾಗ ಒಬ್ಬಾಂವ, ಮ್ಯಾಲೊಬ್ಬಾಂವ" ಎನ್ನುತ್ತಿದ್ದಳು. ಕಾಶೆವ್ವ ಅವಳಿಂದ ಪೂರ್ತಿ ಹೇಳಿಸಿದಳು. ಅವಳಿಂದ ಪಕ್ಕದವಳು ಕೇಳಿ ಹೇಳಿದಳು. ಮೂರನೆಯವಳೂ ಸರಿಯಾಗಿ ಹೇಳಿದ ಮೇಲೆ ಕಾಶೆವ್ವ ಚಹಾದ ಬಟ್ಟಲು ಮುಟ್ಟಿದಳು. ಹಳೆಯ ಧ್ವನಿಯನ್ನು ಎಲ್ಲರ ಫೋನಿನಿಂದ ತೆಗೆಸಿ, ಹೊಸದನ್ನು ಲಗಮಣ್ಣನವರ ಬಾಯಿಂದಲೇ ಹೇಳಿಸಿ ಮುದ್ರಿಸಿ ಕಳಿಸಿದಳು. ಅವರ ಗಂಟಲು ಅವಳದಕ್ಕಿಂತ ಚೆನ್ನಾಗಿತ್ತು.

ಈಸ್ಟರ್ ಹಬ್ಬಕ್ಕೆ ಎರಡು ವಾರ ಮೊದಲು ಪರೀಕ್ಷೆ. ಹುಕ್ಕೇರಿಯಿಂದ ಹಿರಿಯ ಪಾದ್ರಿ ಸಿದ್ರಾಯ ಅವರು ಬಂದರು. ಎಪ್ಪತ್ತರ ಹತ್ತಿರದವರು, ಬಿಳಿ ಅಂಗಿ, ಕೈಯಲ್ಲಿ ಅದೇ ಮೂವತ್ತಾರು ಪ್ರಶ್ನೆಯ ಪುಸ್ತಿಕೆ. ಏಳೂ ಜನ ಮುಂದಿನ ಸಾಲಿನಲ್ಲಿ ಕೂತರು. ಕೆಂಚಪ್ಪ ತೊಳೆದ ರುಮಾಲು ಸುತ್ತಿಕೊಂಡು ಬಂದಿದ್ದ. ನಲವತ್ತೆಂಟು ವರ್ಷದಲ್ಲಿ ಅವನು ಮುಂದಿನ ಸಾಲಿನಲ್ಲಿ ಕೂತದ್ದು ಅದೇ ಮೊದಲು. ಕಾಶೆವ್ವ ಗೋಡೆಗೆ ಒರಗಿ ನಿಂತಳು. ಹೇಳಿಕೊಡುವಂತಿರಲಿಲ್ಲ.

ಸಿದ್ರಾಯ ಅವರು ಪುಸ್ತಿಕೆ ನೋಡಿ ಕೇಳಿದರು. "ಕೆಂಚಪ್ಪ, ಕ್ರಿಸ್ತನು ನೆರವೇರಿಸಿದ ಪ್ರಾಯಶ್ಚಿತ್ತ ಕಾರ್ಯದ ಸ್ವರೂಪವನ್ನು ವಿವರಿಸು."

ಕೆಂಚಪ್ಪ ಎದ್ದು ನಿಂತ. ಮುಖದಲ್ಲಿ ಹತ್ತೊಂಬತ್ತು ವರ್ಷದವನ ಹೆದರಿಕೆ ಮರಳಿ ಬಂತು. ಹಣಮವ್ವ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡತೊಡಗಿದಳು.

"ಸಾಹೇಬ್ರ" ಎಂದಳು ಕಾಶೆವ್ವ, ಗೋಡೆ ಬಿಟ್ಟು ಮುಂದೆ ಬಂದು. "ಉತ್ತರ ನಾ ಹೇಳಿಕೊಡಾಂಗಿಲ್ಲ. ಪ್ರಶ್ನೆ ಅವನ ಮಾತಿನ್ಯಾಗ ಕೇಳ್ರಿ. ನಿಮ್ಮ ಮಾತೂ ಅದ ಐತಲ್ರಿ."

ಹಿರಿಯ ಪಾದ್ರಿಗೆ ಹೀಗೆ ಹೇಳಿದವರನ್ನು ಶುಭಮ್ ಕಂಡಿರಲಿಲ್ಲ. ಸಿದ್ರಾಯ ಅವರು ಕನ್ನಡಕದ ಮೇಲಿನಿಂದ ಕಾಶೆವ್ವನನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು ಪುಸ್ತಿಕೆಯ ಮೇಲಿಟ್ಟರು.

"ಆತು. ಕೆಂಚಪ್ಪ, ಯೇಸು ಯಾಕ ಸತ್ತ? ಹೇಳ ನೋಡೋಣು."

ಕೆಂಚಪ್ಪನ ಭುಜ ಇಳಿಯಿತು. "ತಪ್ಪ ನಾವ ಮಾಡಿದ್ವಿರಿ. ಅಂವ ಮಾಡಿರಲಿಲ್ಲ. ಶಿಕ್ಷಾ ನಮಗ ಆಗಬೇಕಾಗಿತ್ತು, ಅಂವ ತಗೊಂಡ. ಯಾರೂ ಅವನ್ನ ಹಿಡದ ಎಳಕೊಂಡ ಬಂದಿರಲಿಲ್ಲ, ತಾನಾಗಿ ಬಂದ. ಓಡಿ ಹೋಗಬೇಕಂದ್ರ ಹೋಗಬಹುದಿತ್ತು, ಹೋಗಲಿಲ್ಲ. ಮೂರನೇ ದಿವಸ ಎದ್ದ. ಅದಕ್ಕ ಈಗ ದೇವರ ಹಂತ್ಯಾಕ ಹೋಗಾಕ ನನಗ ಅಂಜಿಕಿ ಇಲ್ಲ."

"ದೇವರ ಹಂತ್ಯಾಕ ಅಂಜಿಕಿ ಇಲ್ಲ ಅಂತೀ. ನನ್ನ ಕಂಡ್ರ ಅಂಜ್ತಿಯಲ್ಲ?"

"ನೀವ ಪರೀಕ್ಷಾ ತಗೋತೀರಲ್ರಿ" ಎಂದ ಕೆಂಚಪ್ಪ. ಹಿಂದೆ ಕೂತವರು ನಕ್ಕರು. ಸಿದ್ರಾಯ ಅವರ ಮೀಸೆಯೂ ಅಲುಗಿತು.

"ಇನ್ನೊಂದು. ದೇವರು ಎಷ್ಟ ಮಂದಿ?"

"ದೇವರು ಒಬ್ಬ." ಅಲ್ಲಿಂದ ಕೆಂಚಪ್ಪ ತಡೆಯಿಲ್ಲದೆ ಹೊಳೆಯಲ್ಲಿ ನಿಂತ ಮಗನನ್ನೂ, ಮೇಲಿನಿಂದ ಬಂದ ತಂದೆಯ ಧ್ವನಿಯನ್ನೂ, ಇಳಿದು ಬಂದ ಪವಿತ್ರಾತ್ಮನನ್ನೂ ಹೇಳಿದ. ಮೂವರೂ ಬೇರೆ ಬೇರೆ, ಒಬ್ಬನದೇ ಮೂರು ವೇಷ ಅಲ್ಲ, ಆದರೂ ದೇವರು ಒಬ್ಬನೇ ಎಂದ.

"ಮೂವರಿದ್ರ ಒಬ್ಬ ಹೆಂಗ?" ಸಿದ್ರಾಯ ಅವರು ಬಿಡಲಿಲ್ಲ.

"ಅದ ನನಗ ತಿಳದಿಲ್ರಿ" ಎಂದ ಕೆಂಚಪ್ಪ. ಒಂದು ಕ್ಷಣ ತಡೆದು, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದ. "ನಿಮಗ ತಿಳದೈತೇನ್ರಿ?"

ಶುಭಮ್ ನೆಲ ನೋಡಿದ. ಸಿದ್ರಾಯ ಅವರು ಪುಸ್ತಿಕೆಯನ್ನು ಪಕ್ಕಕ್ಕೆ ಸರಿಸಿದರು.

"ಇಲ್ಲಪ್ಪ" ಎಂದರು. "ನಲವತ್ತ ವರ್ಷ ಪ್ರಸಂಗ ಮಾಡೇನಿ. ತಿಳದಿಲ್ಲ. ನಂಬೇನಿ. ಕೂಡು, ನಿಂದ ಮುಗೀತು."

ಕೆಂಚಪ್ಪ ಕೂಡಲಿಲ್ಲ. ಮುಗಿಯಿತೆಂದರೆ ಪಾಸೋ ನಪಾಸೋ ಅವನಿಗೆ ಗೊತ್ತಾಗಲಿಲ್ಲ. ಮಾಲಿಂಗ ಅವನ ಅಂಗಿ ಜಗ್ಗಿ ಕೂಡಿಸಿದ. "ಪಾಸ್ ಆದಿ ಕಾಕಾ, ಪಾಸ್ ಆದಿ" ಎಂದ. ಕೆಂಚಪ್ಪ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡು, ಆಮೇಲೆ ಅದೇ ತುದಿಯಿಂದ ಮೂಗೂ ಒರೆಸಿಕೊಂಡ. ಹಣಮವ್ವನ ಸರದಿ ಬಂದಾಗ ಅವಳು ಕೃಪೆಯ ಬಗ್ಗೆ ಎಷ್ಟು ಉದ್ದ ಹೇಳಿದಳೆಂದರೆ ಸಿದ್ರಾಯ ಅವರೇ ಕೈಯೆತ್ತಿ ಸಾಕೆನ್ನಬೇಕಾಯಿತು. ಏಳು ಜನರಲ್ಲಿ ಆರು ಜನ ಅಂದು ತೇರ್ಗಡೆಯಾದರು. ಏಳನೆಯವರು ಜ್ವರದಿಂದ ನಡುವೆಯೇ ಎದ್ದು ಹೋಗಿದ್ದರು. ಅವರನ್ನು ಮರುವಾರ ಮನೆಗೇ ಹೋಗಿ ಕೇಳಿದರು.

ಊಟಕ್ಕೆ ಕೂತಾಗ ಸಿದ್ರಾಯ ಅವರು ಕಾಶೆವ್ವನನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡರು. "ಹುಕ್ಕೇರಿ ಭಾಗದಾಗ ನಮ್ಮ ಸಭೆಯೊಳಗ ಇಂಥಾವ್ರು ಮೂವತ್ತ ಮಂದಿ ಅದಾರವಾ. ಪರೀಕ್ಷಾ ಅಂದ್ರ ಓಡಿ ಹೋಗ್ತಾರ. ಬಂದ ಕಲಸ್ತೀಯೇನ?"

"ಬರ್ತೇನ್ರಿ. ಮಂಗಳವಾರ ಮಂಗಳವಾರ ಬರ್ತೇನಿ. ಆದ್ರ ಈ ಪುಸ್ತಕ ಬದಲಾಗಬೇಕು."

"ಬದಲ ಮಾಡವ್ರ ಯಾರು?"

"ನಾ ಹೇಳ್ತೇನಿ, ಪಾಸ್ಟರ್ ಬರೀತಾರ. ತಪ್ಪಿದ್ದಲ್ಲೆ ಅವ್ರ ತಿದ್ದಬೇಕು. ನಾ ಒಮ್ಮೆ ತಪ್ಪೇನಿ, ಮತ್ತ ತಪ್ಪಬಹುದು." ಶುಭಮ್ ಅನ್ನದ ತುತ್ತು ಕೈಯಲ್ಲೇ ಹಿಡಿದು ತಲೆಯಾಡಿಸಿದ.

ದೃಢೀಕರಣ ಹಿಂದಿನ ವಾರವೇ ಆಗಿತ್ತು. ಈಸ್ಟರ್ ಭಾನುವಾರ ರೊಟ್ಟಿ ಮುರಿಯುವ ಹೊತ್ತಿಗೆ ಕೆಂಚಪ್ಪ ಎದ್ದಾಗ ಹಿಂದಿನ ಬೆಂಚಿನವರು ರೂಢಿಯಂತೆ ಹಾದಿ ಬಿಟ್ಟರು, ಬಾಗಿಲ ಕಡೆಗೆ. ಅವನು ಆ ಕಡೆ ತಿರುಗಲಿಲ್ಲ. ಪೀಠದ ಬಳಿ ಹೋಗಿ, ಉಳಿದವರು ಹೇಗೆ ಕೈ ಚಾಚಿದ್ದಾರೆಂದು ನೋಡಿ ತಾನೂ ಎರಡು ಕೈ ಜೋಡಿಸಿ ಚಾಚಿದ. ಶುಭಮ್ ಕೊಟ್ಟ ತುಂಡನ್ನು ಕೂಡಲೇ ಬಾಯಿಗೆ ಹಾಕಿಕೊಳ್ಳದೆ ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಹಿಂದಿನವರು ಕಾದರು. ಅವಸರ ಮಾಡಿದವರು ಯಾರೂ ಇರಲಿಲ್ಲ.

ಹೊಸ ಪುಸ್ತಿಕೆಯ ಕೆಲಸ ಈಗಲೂ ನಡೆದಿದೆ. ಸೋಮವಾರ ಸಂಜೆ ಕಾಶೆವ್ವ ಹೇಳುತ್ತಾಳೆ, ಶುಭಮ್ ಬರೆಯುತ್ತಾನೆ, ಗ್ರಂಥದೊಂದಿಗೆ ತಾಳೆ ನೋಡುತ್ತಾನೆ. ಒಪ್ಪಿಗೆಯಾದ ಉತ್ತರ ಹಣಮವ್ವನ ಕಿವಿಗೆ ಹೋಗುತ್ತದೆ. ಮೂರು ದಿನ ಹೊಲದಲ್ಲಿ ಕೆಲಸ ಮಾಡಿ ಬಂದು ಅವಳು ಅದನ್ನು ಮತ್ತೆ ಕೇಳಿಸಿಕೊಳ್ಳದೆ ತನ್ನ ಮಾತಿನಲ್ಲಿ ಹೇಳಬೇಕು. ಹೇಳಿದರೆ ಉತ್ತರ ಉಳಿಯುತ್ತದೆ; ತೊದಲಿದರೆ ಶುಭಮ್ ಅದರ ಮೇಲೆ ಗೆರೆ ಎಳೆಯುತ್ತಾನೆ. ಇಲ್ಲಿಯವರೆಗೆ ಇಪ್ಪತ್ತೆರಡು ಉಳಿದಿವೆ. ಹೋದ ವಾರ ಪವಿತ್ರಾತ್ಮನ ಬಗೆಗಿನ ಉತ್ತರಕ್ಕೆ ಐದನೆಯ ಸಲ ಗೆರೆ ಬಿತ್ತು.

"ಇದನ್ನ ಬಿಟ್ಟ ಮುಂದಿಂದ ಮಾಡೋಣೇನ್ರಿ?" ಎಂದು ಕೇಳಿದ ಶುಭಮ್. ಈಚೆಗೆ ಅವನ ಮಾತೂ ಸ್ವಲ್ಪ ಕಲ್ಲೋಳಿಯದಾಗಿದೆ.

"ಬಿಡೂದ ಬ್ಯಾಡ" ಎಂದಳು ಕಾಶೆವ್ವ, ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು. "ಹೊಸ ಹಾಳಿ ತಗೋರಿ. ಹಣಮವ್ವ, ನೀ ಎಲ್ಲಿ ತೊದಲಿದಿ, ಅಲ್ಲಿಂದ ಹೇಳ."